ಯಾರೂ ಕಾಣದ ನೋಂಬು: ಇಸ್ಲಾಮಿನಲ್ಲಿ ಉಪವಾಸದ ಅಂತರಂಗ



ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು ನಾನು. ಪ್ರತಿ ವರ್ಷ ರಮಝಾನ್ ತಿಂಗಳು ಬಂದಾಗ ಅಧ್ಯಾಪಕರ ಕೊಠಡಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಮೇಡಂ, ನೀರು ಕೂಡ ಕುಡಿಯುವ ಹಾಗಿಲ್ವಾ?” ಕೇಳುವವರ ದನಿಯಲ್ಲಿ ಅಕ್ಕರೆಯಿರುತ್ತದೆ. ಕೆಲವರು ಕೈಯಲ್ಲಿದ್ದ ಚಹಾ ಲೋಟವನ್ನು ಕೆಳಗಿಟ್ಟು ಕೇಳುತ್ತಾರೆ. “ಇಲ್ಲ, ನೀರೂ ಇಲ್ಲ” ಎಂದು ನಕ್ಕು ನಾನು ತರಗತಿಗೆ ನಡೆಯುತ್ತೇನೆ. ಇಷ್ಟು ವರ್ಷ ಅರ್ಧಕ್ಕೇ ನಿಲ್ಲಿಸಿದ ಆ ಉತ್ತರವನ್ನು ಪೂರ್ತಿ ಮಾಡಲು ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

ಪದದಿಂದಲೇ ತೊಡಗುತ್ತೇನೆ; ಅದು ನನ್ನ ಕಸುಬು. ನಮ್ಮ ನಾಡಿನಲ್ಲಿ ದಖನಿ ಉರ್ದು ಆಡುವ ಮನೆಗಳಲ್ಲಿ ಈ ವ್ರತಕ್ಕೆ ‘ರೋಜಾ’ ಎನ್ನುತ್ತಾರೆ. ಅದು ಪಾರ್ಸಿಯಿಂದ ಬಂದದ್ದು. ‘ರೋಜ್’ ಎಂದರೆ ಹಗಲು. ಕರಾವಳಿಯ ಬ್ಯಾರಿ ಮನೆಯಲ್ಲಿ ಹುಟ್ಟಿದ ನನಗೆ ಅದು ‘ನೋಂಬು’. ಎಂ.ಎ. ಓದುವಾಗ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಹಳೆಯ ಶಾಸನಗಳಲ್ಲಿ ‘ನೋಂತು’ ಎಂಬ ಮಾತು ಎದುರಾದಾಗ ನನ್ನ ಮೈ ಜುಮ್ಮೆಂದಿತ್ತು. ಅನ್ನ ನೀರು ತೊರೆದು ದೇಹ ಬಿಟ್ಟ ಜೈನ ಮುನಿಗಳನ್ನೂ ಕಂತಿಯರನ್ನೂ ನೆನೆದು ಕಲ್ಲಿನಲ್ಲಿ ಕೊರೆದ ಮಾತು ಅದು. ‘ನೋನ್’ ಎಂದರೆ ವ್ರತ ನಡೆಸು, ‘ನೋಂಪಿ’ ಎಂದರೆ ವ್ರತ. ಜೈನರ ಮನೆಯ ನೋಂಪಿ, ತಮಿಳರ ನೋನ್ಬು, ನನ್ನ ಮನೆಯ ನೋಂಬು ಎಲ್ಲವೂ ಒಂದೇ ಬೇರಿನ ಚಿಗುರುಗಳು. ಕಡಲು ದಾಟಿ ಬಂದ ವ್ರತಕ್ಕೆ ಈ ನೆಲ ತನ್ನ ಹಳೆಯ ಪದವನ್ನೇ ತೆಗೆದುಕೊಟ್ಟಿದೆ.

ಕುರ್‌ಆನಿನ ಪದ ‘ಸೌಮ್’, ‘ಸಿಯಾಮ್’. ತಡೆದು ನಿಲ್ಲುವುದು ಎಂಬುದು ಅದರ ಮೂಲ ಅರ್ಥ. ಮೇವು ಮುಟ್ಟದೆ ಸುಮ್ಮನೆ ನಿಂತ ಕುದುರೆಗೂ ಹಳೆಯ ಅರಬರು ಈ ಮಾತನ್ನೇ ಬಳಸುತ್ತಿದ್ದರು. ನಡುಹಗಲಲ್ಲಿ ಸೂರ್ಯ ನೆತ್ತಿಯ ಮೇಲೆ ನಿಂತುಬಿಟ್ಟಂತೆ ಕಾಣುವ ಹೊತ್ತಿಗೂ ಇದೇ ಮಾತು. ನಮ್ಮ ಮನೆಗಳಲ್ಲಿ ಉಪವಾಸ ‘ಮಾಡು’ ಎನ್ನುವವರು ಕಡಿಮೆ; ರೋಜಾ ‘ಹಿಡಿ’, ನೋಂಬು ‘ಹಿಡಿ’ ಎನ್ನುತ್ತಾರೆ. ಸಂಜೆ ಅದನ್ನು ‘ಬಿಡುತ್ತಾರೆ’. ಹಿಡಿಯುವುದು ಮತ್ತು ಬಿಡುವುದು: ಅರಬಿಯ ಆ ಬೇರಿನ ಹುರುಳನ್ನು ನಮ್ಮ ಆಡುಮಾತು ಯಾರೂ ಹೇಳಿಕೊಡದೆಯೇ ಹಿಡಿದುಕೊಂಡಿದೆ.

ಹಾಗಾದರೆ ಹಿಡಿಯುವುದು ಏನನ್ನು? ಹೊಟ್ಟೆಯನ್ನು ಎಂದು ಥಟ್ಟನೆ ಹೇಳಬಹುದು. ಆದರೆ ಕುರ್‌ಆನಿನ ಮರ್ಯಮ್ ಅಧ್ಯಾಯದಲ್ಲಿ ಒಂದು ಸನ್ನಿವೇಶ ಬರುತ್ತದೆ. ಮರ್ಯಮ್, ಅಂದರೆ ಯೇಸುವಿನ ತಾಯಿ, ಒಂಟಿಯಾಗಿ ಖರ್ಜೂರದ ಮರದ ಬುಡದಲ್ಲಿ ಹೆರಿಗೆ ನೋವು ತಿನ್ನುತ್ತಿದ್ದಾಳೆ. ಮರವನ್ನು ಅಲುಗಿಸು, ಹಣ್ಣು ಉದುರುತ್ತದೆ. ತಿನ್ನು, ಕುಡಿ, ಕಣ್ಣು ತಂಪು ಮಾಡಿಕೋ ಎಂದು ಅವಳಿಗೆ ಅಭಯ ಸಿಗುತ್ತದೆ. ಜೊತೆಗೆ ಇನ್ನೊಂದು ಆದೇಶ: ಯಾರಾದರೂ ಎದುರಾದರೆ, ನಾನು ಪರಮ ದಯಾಳುವಿಗಾಗಿ ಸೌಮ್ ಹರಕೆ ಹೊತ್ತಿದ್ದೇನೆ, ಇಂದು ಯಾರೊಡನೆಯೂ ಮಾತಾಡುವುದಿಲ್ಲ ಎಂದು ತಿಳಿಸಬೇಕು. ಗಮನಿಸಿ. ಅವಳು ಖರ್ಜೂರ ತಿಂದಿದ್ದಾಳೆ, ನೀರು ಕುಡಿದಿದ್ದಾಳೆ, ಆದರೂ ಅವಳು ನೋಂತವಳು. ಅವಳು ಹಿಡಿದದ್ದು ನಾಲಿಗೆಯನ್ನು. ಊರವರ ಪ್ರಶ್ನೆಗಳಿಗೆ, ಕೊಂಕಿಗೆ, ಆರೋಪಕ್ಕೆ ಉತ್ತರ ಕೊಡದೆ ಇರುವುದೇ ಅವಳ ನೋಂಬು. ಉಂಡೂ ನೋಂತಿರಬಹುದು ಎಂಬ ಈ ಮಾತನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿ. ಇದಕ್ಕೆ ಮತ್ತೆ ಬರುತ್ತೇನೆ.

ಈಗ ನೀರಿನ ಪ್ರಶ್ನೆ.

1987ರ ಮೇ ತಿಂಗಳು. ಶಾಲೆಗೆ ರಜೆ, ನನಗೆ ಒಂಬತ್ತು ವರ್ಷ. ಅದು ನಾನು ಹಿಡಿದ ಮೊದಲ ಪೂರ್ತಿ ನೋಂಬು. ಮಧ್ಯಾಹ್ನದ ತನಕ ಏನೂ ಅನ್ನಿಸಲಿಲ್ಲ. ಮೂರೂವರೆಯ ಹೊತ್ತಿಗೆ ನಾಲಿಗೆ ಮರದ ಚಕ್ಕೆಯ ಹಾಗೆ ಅಂಗುಳಿಗೆ ಅಂಟಿತ್ತು. ಇಳಿಹೊತ್ತಿನ ಅಸರ್ ನಮಾಝಿಗೆ ಮೊದಲು ಕೈಕಾಲು ಮುಖ ತೊಳೆಯುವ ವುಝೂ ಮಾಡಲು ಹಿತ್ತಿಲಿಗೆ ಹೋದೆ. ಬಾವಿಕಟ್ಟೆಯ ಪಕ್ಕದಲ್ಲಿ ಹಿತ್ತಾಳೆಯ ಗಿಂಡಿ, ತುಂಬ ನೀರು. ವುಝೂವಿನಲ್ಲಿ ಕೈ ತೊಳೆದ ಮೇಲೆ ಬಾಯಿ ಮುಕ್ಕಳಿಸಬೇಕು. ಅದು ಉಪವಾಸದಲ್ಲಿಯೂ ಇದೆ. ಗಂಟಲಿಗೆ ಇಳಿಯದಂತೆ ಹಗುರವಾಗಿ ಮುಕ್ಕಳಿಸಿ ಉಗುಳಬೇಕು ಅಷ್ಟೆ. ನೀವು ಯೋಚಿಸಿ ನೋಡಿ: ಬಾಯಾರಿ ಬಸವಳಿದ ಮಗುವಿನ ಬಾಯಿಗೆ ಧರ್ಮವೇ ತಣ್ಣನೆಯ ನೀರನ್ನು ತಂದಿಡುತ್ತದೆ, ಆಮೇಲೆ ಉಗುಳು ಎನ್ನುತ್ತದೆ. ನೀರು ಬಾಯಲ್ಲಿತ್ತು. ಹಿತ್ತಿಲಲ್ಲಿ ಯಾರೂ ಇರಲಿಲ್ಲ. ನಾನು ನುಂಗಿದೆ.

ಒಂದೇ ಗುಟುಕು. ಅದು ಎದೆಯೊಳಗೆ ಇಳಿಯುವ ದಾರಿಯೂ ಗೊತ್ತಾಯಿತು. ಸಂಜೆ ಮಗ್ರಿಬ್ ನಮಾಝಿನ ಕರೆಯಾದ ಬಾಂಗ್ ಆಗುವಾಗ ಮನೆಯವರೆಲ್ಲ ನನ್ನ ಸುತ್ತ ಕುಳಿತಿದ್ದರು. ಚಿಕ್ಕಪ್ಪ ಪೇಟೆಯಿಂದ ನನಗೆಂದೇ ಒಳ್ಳೆಯ ಖರ್ಜೂರ ತಂದಿದ್ದರು. “ಪೂರ್ತಿ ನೋಂಬು ಹಿಡಿದಿದ್ದಾಳೆ” ಎಂದು ಅಜ್ಜಿ ತಲೆ ಸವರಿದರು. ಆ ಖರ್ಜೂರದ ರುಚಿ ನನಗೆ ಇವತ್ತಿಗೂ ನೆನಪಿಲ್ಲ. ಎರಡು ರಾತ್ರಿ ನಿದ್ದೆ ಬಾರದೆ ಮೂರನೆಯ ದಿನ ಉಮ್ಮನ, ಅಂದರೆ ತಾಯಿಯ, ಸೆರಗು ಹಿಡಿದು ಅಳುತ್ತ ಹೇಳಿದೆ. ಬೈಯುತ್ತಾಳೆ ಅಥವಾ ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದೆ. ಉಮ್ಮ ಒಲೆಯ ಮುಂದಿನಿಂದ ಏಳಲಿಲ್ಲ. “ಅದನ್ನು ನನಗೆ ಯಾಕೆ ಹೇಳ್ತೀ? ನೋಂಬು ನೀನು ನನಗಾಗಿ ಹಿಡಿದದ್ದಾ?” ಎಂದಳು.

ಉಮ್ಮ ಶಾಲೆಗೆ ಹೋದವಳಲ್ಲ. ಆದರೆ ಅವಳು ಆ ದಿನ ಹೇಳಿದ್ದು ಈ ವ್ರತದ ತಿರುಳು. ಪ್ರವಾದಿ ಮುಹಮ್ಮದರು (ಸ) ದೇವರ ಮಾತಾಗಿ ತಿಳಿಸಿದ ವಚನಗಳಿಗೆ ಹದೀಸ್ ಕುದ್ಸಿ ಎಂದು ಹೆಸರು. ಅಂಥ ಒಂದು ವಚನದ ಸಾರ ಹೀಗಿದೆ: ಮನುಷ್ಯನ ಮಿಕ್ಕ ಕರ್ಮಗಳೆಲ್ಲ ಅವನವು, ಉಪವಾಸ ಮಾತ್ರ ನನ್ನದು, ಅದಕ್ಕೆ ಪ್ರತಿಫಲ ಕೊಡುವವನೂ ನಾನೇ. ಎಲ್ಲ ಆರಾಧನೆಯೂ ದೇವರಿಗೇ ಸಲ್ಲುವಾಗ ಇದೊಂದನ್ನು ‘ನನ್ನದು’ ಎಂದು ಯಾಕೆ ಬೇರೆ ಮಾಡಬೇಕು? ಸಾವಿರ ವರ್ಷಗಳಿಂದ ವಿದ್ವಾಂಸರು ಕೇಳುತ್ತ ಬಂದ ಪ್ರಶ್ನೆ ಇದು. ಇಮಾಮ್ ಗಝಾಲಿಯವರು ಕೊಡುವ ಉತ್ತರಗಳಲ್ಲಿ ಒಂದು ನನಗೆ ಬಹಳ ಹಿಡಿಸಿದೆ. ನಮಾಝ್ ಮಾಡುವವನು ಕಣ್ಣಿಗೆ ಕಾಣುತ್ತಾನೆ. ಝಕಾತ್ ಎಂಬ ಕಡ್ಡಾಯ ದಾನ ಕೊಟ್ಟರೆ ಪಡೆದವನಿಗೆ ಗೊತ್ತಾಗುತ್ತದೆ. ಹಜ್ಜಿಗೆ ಹೋದವನನ್ನು ಊರೇ ಬೀಳ್ಕೊಡುತ್ತದೆ. ಉಪವಾಸ ಹಾಗಲ್ಲ. ಅದು ಒಂದು ಕ್ರಿಯೆಯೇ ಅಲ್ಲ, ಮಾಡದೆ ಇರುವುದು. ಮಾಡದೆ ಇರುವುದನ್ನು ನೋಡುವುದು ಹೇಗೆ? ಬಾಗಿಲು ಹಾಕಿದ ಕೋಣೆಯಲ್ಲಿ ಮನುಷ್ಯ, ಅವನ ಮುಂದೆ ನೀರಿನ ಹೂಜಿ. ಅವನು ಕುಡಿದನೋ ಇಲ್ಲವೋ ಎಂಬುದನ್ನು ಕಾಣುವವನು ಒಬ್ಬನೇ. ಸೋಗು ಹಾಕಿದರೂ ಆ ಸೋಗಿನ ಒಳಗೆ ಉಪವಾಸ ಇರುವುದಿಲ್ಲ.

ಆದ್ದರಿಂದಲೇ ನೀರು ಕೂಡ ಇಲ್ಲ. ಅನ್ನವಾದರೆ ಕದ್ದು ಉಣ್ಣುವುದಕ್ಕೂ ಒಂದಿಷ್ಟು ಸಿದ್ಧತೆ ಬೇಕು, ಸದ್ದು ಬೇಕು, ಪಾತ್ರೆ ತೊಳೆಯಬೇಕು. ನೀರು ಗುರುತು ಉಳಿಸುವುದಿಲ್ಲ. ಅಷ್ಟು ಸುಲಭವಾಗಿ ಕದಿಯಬಹುದಾದ ವಸ್ತುವನ್ನು ಮನುಷ್ಯನ ಕೈಗೇ ಕೊಟ್ಟು, ಕಾವಲಿಗೆ ಅವನನ್ನೇ ನಿಲ್ಲಿಸಿದ ಹಾಗೆ ಈ ವ್ರತ.

ಹಿಜರಿ 2ನೆಯ ವರ್ಷ, ಅಂದರೆ ಕ್ರಿ.ಶ. 624ರಲ್ಲಿ, ಮದೀನಾದಲ್ಲಿ ರಮಝಾನಿನ ಉಪವಾಸ ಕಡ್ಡಾಯವಾಯಿತು. ಅಲ್‌ಬಕರ ಅಧ್ಯಾಯದ ಆ ವಚನಗಳು ನಿಮಗಿಂತ ಹಿಂದಿನವರಿಗೂ ಇದನ್ನು ವಿಧಿಸಲಾಗಿತ್ತು ಎಂದು ನೆನಪಿಸಿ, ಉದ್ದೇಶವನ್ನು ಒಂದೇ ಪದದಲ್ಲಿ ಹೇಳುತ್ತವೆ: ತಖ್ವಾ. ಕನ್ನಡದಲ್ಲಿ ಇದನ್ನು ‘ದೇವಭಯ’, ‘ಧರ್ಮನಿಷ್ಠೆ’, ‘ಭಯಭಕ್ತಿ’ ಎಂದೆಲ್ಲ ಅನುವಾದಿಸಿದ್ದಾರೆ. ತಪ್ಪೆಂದು ಹೇಳಲಾರೆ, ಆದರೆ ‘ಭಯ’ ಎಂಬ ಮಾತು ನನಗೆ ಸ್ವಲ್ಪ ಭಾರ ಅನ್ನಿಸುತ್ತದೆ. ಅದರ ಧಾತುವಿನಲ್ಲಿರುವುದು ಕಾಪಾಡಿಕೊಳ್ಳುವ ಅರ್ಥ. ಖಲೀಫ ಉಮರ್ ಒಮ್ಮೆ ಪ್ರವಾದಿಯವರ ಸಂಗಾತಿ ಉಬೈ ಇಬ್ನ್ ಕಅಬ್ ಅವರನ್ನು ತಖ್ವಾ ಎಂದರೇನು ಎಂದು ಕೇಳಿದರಂತೆ. ಮುಳ್ಳಿನ ಹಾದಿಯಲ್ಲಿ ಎಂದಾದರೂ ನಡೆದಿದ್ದೀರಾ ಎಂದು ಉಬೈ ತಿರುಗಿ ಕೇಳಿದರು. ನಡೆದಿದ್ದೇನೆ ಎಂದರು ಉಮರ್. ಆಗ ಏನು ಮಾಡಿದಿರಿ? ಬಟ್ಟೆ ಮೇಲೆತ್ತಿ ಹಿಡಿದು, ನೋಡಿ ನೋಡಿ ಹೆಜ್ಜೆ ಇಟ್ಟೆ. ಅದೇ ತಖ್ವಾ ಎಂದರು ಉಬೈ. ಪಂಚೆ ಎತ್ತಿಕಟ್ಟಿ ಗದ್ದೆಯ ಬದುವಿನ ಮುಳ್ಳು ದಾಟಿದ ನಮ್ಮವರಿಗೆ ಇದಕ್ಕೆ ವ್ಯಾಖ್ಯಾನ ಬೇಕಾಗಿಲ್ಲ. ನನ್ನ ಮಟ್ಟಿಗೆ ತಖ್ವಾ ಎಂದರೆ ‘ಎಚ್ಚರ’. ಮುಳ್ಳಿನ ಹಾದಿಯವನು ಹೆದರಿ ಮನೆಯಲ್ಲೇ ಕುಳಿತಿಲ್ಲ. ನಡೆಯುತ್ತಿದ್ದಾನೆ, ಎಚ್ಚರದಿಂದ ನಡೆಯುತ್ತಿದ್ದಾನೆ.

ಈ ಎಚ್ಚರ ಹೊಟ್ಟೆಯಿಂದ ನಾಲಿಗೆಗೆ, ನಾಲಿಗೆಯಿಂದ ಮನಸ್ಸಿಗೆ ಹೇಗೆ ಏರಬೇಕು ಎಂಬುದನ್ನು ಗಝಾಲಿಯವರಷ್ಟು ಬಿಡಿಸಿ ಹೇಳಿದವರು ವಿರಳ. ಅವರ ಬದುಕಿನ ಒಂದು ಘಟನೆಯನ್ನು ತಿಳಿಯದೆ ಆ ಬರಹವನ್ನು ಓದಬಾರದು ಎಂಬುದು ನನ್ನ ಅನಿಸಿಕೆ. ಖುರಾಸಾನಿನ ತೂಸ್ ಪಟ್ಟಣದಲ್ಲಿ 1058ರಲ್ಲಿ ಹುಟ್ಟಿದ ಅಬೂ ಹಾಮಿದ್ ಗಝಾಲಿ 1091ರಲ್ಲಿ ಬಗ್ದಾದಿನ ನಿಝಾಮಿಯಾ ವಿದ್ಯಾಲಯದ ಪೀಠವೇರಿದರು. ಆಗ ಅವರಿಗೆ 33 ವರ್ಷ. 300 ವಿದ್ಯಾರ್ಥಿಗಳು ಅವರ ಮುಂದೆ ಕುಳಿತು ಪಾಠ ಕೇಳುತ್ತಿದ್ದರು. ವಜೀರರು, ಖಲೀಫರು ಮನ್ನಣೆ ಕೊಡುತ್ತಿದ್ದರು. ಹೀಗಿರುವಾಗ ತಾನು ಪಾಠ ಹೇಳುತ್ತಿರುವುದು ದೇವರಿಗಾಗಿಯೋ ಕೀರ್ತಿಗಾಗಿಯೋ ಎಂಬ ಪ್ರಶ್ನೆ ಅವರನ್ನು ಕೊರೆಯತೊಡಗಿತು. 1095ರಲ್ಲಿ ಸುಮಾರು ಆರು ತಿಂಗಳು ಹೊಯ್ದಾಡಿದರು. ಒಂದು ದಿನ ಪಾಠಕ್ಕೆ ಕುಳಿತಾಗ ನಾಲಿಗೆ ಕಟ್ಟಿಹೋಯಿತು. ಒಂದು ಅಕ್ಷರವೂ ಹೊರಡಲಿಲ್ಲ. ಆ ದುಃಖ ಹೊಟ್ಟೆಗೂ ಇಳಿದು, ಒಂದು ತುತ್ತನ್ನೂ ನುಂಗಲಾಗದೆ ಕೃಶರಾದರು. ಇದು ಮನಸ್ಸಿನಿಂದ ದೇಹಕ್ಕೆ ಇಳಿದ ರೋಗ, ಮದ್ದು ನಮ್ಮಲ್ಲಿಲ್ಲ ಎಂದು ವೈದ್ಯರು ಕೈಚೆಲ್ಲಿದರು. ಮಕ್ಕಳಿಗೆ ಬೇಕಾದಷ್ಟನ್ನು ಉಳಿಸಿ ಮಿಕ್ಕಿದ್ದನ್ನೆಲ್ಲ ಹಂಚಿ ಅವರು ಬಗ್ದಾದ್ ಬಿಟ್ಟರು. ಡಮಾಸ್ಕಸ್, ಜೆರುಸಲೇಮ್, ಮಕ್ಕಾ ಎಂದು ಅಲೆದರು. ‘ಇಹ್ಯಾ ಉಲೂಮಿದ್ದೀನ್’ ಎಂಬ 40 ಭಾಗಗಳ ಮಹಾಗ್ರಂಥ ಹುಟ್ಟಿದ್ದು ಆ ಬಿಟ್ಟುಬಂದ ಬದುಕಿನಿಂದ. ಅದರ ಆರನೆಯ ಭಾಗ ಉಪವಾಸದ ಒಳಗುಟ್ಟುಗಳನ್ನು ಕುರಿತದ್ದು.

ನಾಲಿಗೆಯೂ ಗಂಟಲೂ ಒಟ್ಟಿಗೆ ಮುಚ್ಚಿಕೊಂಡ ಅನುಭವವಿದ್ದ ಮನುಷ್ಯ ಉಪವಾಸದ ಬಗ್ಗೆ ಬರೆದಿದ್ದಾನೆ ಎಂಬುದನ್ನು ನೆನೆದಾಗ ಆ ಪುಟಗಳ ಬಿಸಿ ತಟ್ಟುತ್ತದೆ.

ಉಪವಾಸಕ್ಕೆ ಮೂರು ಮೆಟ್ಟಿಲು ಎನ್ನುತ್ತಾರೆ ಗಝಾಲಿ. ಮೊದಲನೆಯದು ಎಲ್ಲರದು: ಅನ್ನ, ನೀರು, ಕಾಮ ಇವುಗಳಿಂದ ದೇಹವನ್ನು ತಡೆಯುವುದು. ಎರಡನೆಯದು ಸಜ್ಜನರದು: ಕಣ್ಣು, ಕಿವಿ, ನಾಲಿಗೆ, ಕೈ, ಕಾಲು ಎಲ್ಲವನ್ನೂ ಕೆಡುಕಿನಿಂದ ತಡೆಯುವುದು. ಮೂರನೆಯದು ಅತಿ ವಿರಳರಾದ ಪ್ರವಾದಿಗಳದು, ದೇವರ ಆಪ್ತರದು: ಮನಸ್ಸನ್ನೇ ದೇವರಲ್ಲದ ಎಲ್ಲದರಿಂದ ಹಿಂದೆಗೆಯುವುದು. ಅಲ್ಲಿ ನಾಳೆಯ ಊಟದ ಚಿಂತೆ ಬಂದರೂ ನೋಂಬು ಕೆಟ್ಟಂತೆ. ಮೂರನೆಯ ಮೆಟ್ಟಿಲಿನ ಬಗ್ಗೆ ನಾನು ಮಾತಾಡುವುದಿಲ್ಲ. ಅದು ನಾನು ಕಂಡ ಎತ್ತರವಲ್ಲ. ಎರಡನೆಯದರ ಮುಂದೆಯೇ ನಾನು ಮೂವತ್ತೆಂಟು ವರ್ಷಗಳಿಂದ ನಿಂತಿದ್ದೇನೆ.

ಅಲ್ಲಿ ಎಲ್ಲಕ್ಕಿಂತ ಕಷ್ಟದ್ದು ನಾಲಿಗೆ. ಸುಳ್ಳನ್ನೂ ಸುಳ್ಳಿನ ನಡತೆಯನ್ನೂ ಬಿಡದವನು ಅನ್ನ ನೀರು ಬಿಡುವುದರಿಂದ ದೇವರಿಗೆ ಆಗಬೇಕಾದದ್ದು ಏನೂ ಇಲ್ಲ ಎಂಬ ಅರ್ಥದ ಪ್ರವಾದಿವಚನವಿದೆ. ಜಗಳಕ್ಕೆ ಬಂದವನಿಗೆ ನಾನು ಉಪವಾಸದಲ್ಲಿದ್ದೇನೆ ಎಂದಷ್ಟೇ ಹೇಳಿ ಸರಿಯಬೇಕು ಎಂಬ ಉಪದೇಶವೂ ಇದೆ. ಹಸಿದಾಗ ಸಿಟ್ಟು ಬೇಗ ಬರುತ್ತದೆ ಎಂಬುದು ನಮಗೆಲ್ಲ ಗೊತ್ತು. ಸಂಜೆ ಐದರ ಮೇಲೆ ಅಡುಗೆಮನೆಯಲ್ಲಿ ನಿಂತ ಹೆಂಗಸರಿಗೆ ಇನ್ನೂ ಚೆನ್ನಾಗಿ ಗೊತ್ತು. ಇನ್ನು ಚಾಡಿ. ಇನ್ನೊಬ್ಬರನ್ನು ಬೆನ್ನ ಹಿಂದೆ ಆಡಿಕೊಳ್ಳುವುದನ್ನು ಕುರ್‌ಆನ್ ಸತ್ತ ಸೋದರನ ಮಾಂಸ ತಿನ್ನುವುದಕ್ಕೆ ಹೋಲಿಸುತ್ತದೆ. ಮುಂಜಾವಿನಿಂದ ಒಂದು ಅಗುಳನ್ನೂ ಮುಟ್ಟದವರು, ಹಲಾಲಾದ ಅನ್ನವನ್ನು ದೂರವಿಟ್ಟವರು, ಮಧ್ಯಾಹ್ನ ನಾಲ್ಕು ಜನ ಕುಳಿತು ಆ ಮಾಂಸವನ್ನು ಹಂಚಿಕೊಂಡು ತಿನ್ನುತ್ತೇವೆ. ನಾನೂ ತಿಂದಿದ್ದೇನೆ. ನೋಂಬು ಹಿಡಿದೂ ಹಿಡಿಯದವರೆಷ್ಟೋ, ಉಂಡೂ ನೋಂತವರೆಷ್ಟೋ ಎನ್ನುತ್ತಾರೆ ಗಝಾಲಿ. ಖರ್ಜೂರದ ಮರದ ಬುಡದಲ್ಲಿ ಕುಳಿತ ಮರ್ಯಮ್ ಇಲ್ಲಿ ಮತ್ತೆ ನೆನಪಾಗುತ್ತಾಳೆ.

ಇಫ್ತಾರ್ ಬಗ್ಗೆಯೂ ಅವರು ಖಡಾಖಂಡಿತ. ಹಗಲು ಬಿಟ್ಟದ್ದನ್ನೆಲ್ಲ ರಾತ್ರಿ ಸೇರಿಸಿ ತುಂಬಿಸಿಕೊಂಡರೆ ಉಪವಾಸದಿಂದ ಆದದ್ದೇನು? ಬೇರೆ ತಿಂಗಳುಗಳಲ್ಲಿ ತಿನ್ನದ ಬಗೆಬಗೆಯ ಭಕ್ಷ್ಯಗಳನ್ನು ರಮಝಾನಿಗೆಂದೇ ಕೂಡಿಡುವ ವಾಡಿಕೆಯನ್ನು ಅವರು ಹನ್ನೊಂದನೆಯ ಶತಮಾನದ ಕೊನೆಯಲ್ಲೇ ಕಂಡು ನೊಂದುಕೊಂಡಿದ್ದರು. ಬೆಂಗಳೂರಿನ ಫ್ರೇಜರ್ ಟೌನಿನ ಮಾಸ್ಕ್ ರಸ್ತೆಯಲ್ಲಿ ರಮಝಾನಿನ ಸಂಜೆ ನಡೆದವರಿಗೆ ಆ ಹಲೀಮು, ಕಬಾಬು, ಸಮೋಸಗಳ ಹೊಗೆಯ ಸಂಭ್ರಮ ಗೊತ್ತು. ಆ ಸಂಭ್ರಮವನ್ನು ನಾನು ಹಳಿಯಲಾರೆ. ಉಪವಾಸ ಬಿಡುವ ಹೊತ್ತಿನ ಸಂತೋಷ ಪ್ರವಾದಿಯವರೇ ಒಪ್ಪಿದ ಸಂತೋಷ. ಎಲ್ಲ ಧರ್ಮದ ಗೆಳೆಯರೂ ಅಲ್ಲಿ ಬಂದು ತಿನ್ನುವುದು ನನಗೆ ಖುಷಿ. ಆದರೆ ಪ್ರವಾದಿಯವರು ಸ್ವತಃ ಉಪವಾಸ ಬಿಡುತ್ತಿದ್ದದ್ದು ಒಂದಷ್ಟು ಹಸಿ ಖರ್ಜೂರದಿಂದ, ಅದಿಲ್ಲದಿದ್ದರೆ ಒಣ ಖರ್ಜೂರದಿಂದ, ಅದೂ ಇಲ್ಲದಿದ್ದರೆ ಕೆಲವು ಗುಟುಕು ನೀರಿನಿಂದ. ನಮ್ಮ ಮೇಜಿನ ಮೇಲಿನ ತಟ್ಟೆಗಳ ಸಂಖ್ಯೆ ಏರುತ್ತ ಹೋದಂತೆ ಆ ಗುಟುಕು ನೀರು ನನ್ನನ್ನು ಕಾಡುತ್ತದೆ.

ಇನ್ನೊಂದು ಮಾತು. ವೇದಿಕೆಗಳ ಮೇಲೆ ಸದಾ ಕೇಳಿಬರುವ ವಿವರಣೆ: ಬಡವರ ಹಸಿವು ತಿಳಿಯಲಿ ಎಂದು ಉಪವಾಸ. ಇದರಲ್ಲಿ ನಿಜವಿದೆ, ಆದರೆ ಇಷ್ಟೇ ಆಗಿದ್ದರೆ ಬಡವರಿಗೆ ಉಪವಾಸದ ಅಗತ್ಯವೇ ಇರುತ್ತಿರಲಿಲ್ಲ. ಬಂದರಿನಲ್ಲಿ ಮೂಟೆ ಹೊರುವವನಿಗೆ, ಬೀಡಿ ಸುತ್ತಿ ಮಕ್ಕಳನ್ನು ಸಾಕುವವಳಿಗೆ ಹಸಿವಿನ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಅವರು ನೋಂಬು ಹಿಡಿಯುತ್ತಾರೆ. ಯಾಕೆ? ನನಗೆ ತೋರುವುದು ಹೀಗೆ: ಉಳಿದ ದಿನಗಳ ಹಸಿವು ಅವರ ಮೇಲೆ ಬಂದು ಬಿದ್ದದ್ದು, ಈ ಹಸಿವು ಅವರೇ ಹಿಡಿದದ್ದು. ವರ್ಷದಲ್ಲಿ ಒಂದು ತಿಂಗಳು ಹಸಿವಿಗೆ ಒಡೆಯ ಬದಲಾಗುತ್ತಾನೆ. ಅದೇ ಹೊಟ್ಟೆ, ಅದೇ ಸಂಕಟ, ಆದರೆ ಅದನ್ನು ಅವರು ಒಬ್ಬನಿಗೆ ಅರ್ಪಿಸಿದ್ದಾರೆ.

ದೆಹಲಿಯ ಸೂಫಿ ನಿಝಾಮುದ್ದೀನ್ ಔಲಿಯಾ ಅವರ ಬಾಲ್ಯದ ಕತೆ ಇದನ್ನು ನನಗಿಂತ ಚೆನ್ನಾಗಿ ಹೇಳುತ್ತದೆ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡವರು ಅವರು. ತಾಯಿ ಬೀಬಿ ಝುಲೈಖಾ ಬಡತನದಲ್ಲಿ ಸಾಕಿದರು. ಮನೆಯಲ್ಲಿ ಬೇಯಿಸಲು ಏನೂ ಇಲ್ಲದ ದಿನ ಆ ತಾಯಿ ಮಗನಿಗೆ, ಇವತ್ತು ನಾವು ದೇವರ ಮನೆಯ ಅತಿಥಿಗಳು ಎನ್ನುತ್ತಿದ್ದರಂತೆ. ಆ ಮಾತು ಹುಡುಗನಿಗೆ ಎಷ್ಟು ಇಷ್ಟವಾಯಿತೆಂದರೆ, ಯಾರೋ ಧಾನ್ಯ ಕೊಟ್ಟು ಸಾಲಾಗಿ ಕೆಲವು ದಿನ ಊಟ ಸಿಕ್ಕಾಗ, ನಾವು ಮತ್ತೆ ದೇವರ ಅತಿಥಿಗಳಾಗುವುದು ಯಾವಾಗ ಎಂದು ಕಾಯುತ್ತಿದ್ದನಂತೆ. ಕೊರತೆಯನ್ನು ಆ ತಾಯಿ ಆತಿಥ್ಯವನ್ನಾಗಿ ಮಾಡಿದ್ದಳು.

ಆ ಹುಡುಗ ಬೆಳೆದು, ಯಮುನೆಯ ದಂಡೆಯ ಗಿಯಾಸ್‌ಪುರದಲ್ಲಿ ಖಾನ್‌ಕಾಹ್ ಎಂಬ ಸೂಫಿ ಆಶ್ರಮ ಕಟ್ಟಿ, ದಿನವೂ ನೂರಾರು ಜನರಿಗೆ ಉಣಬಡಿಸಿದರು. ತಾವು ಮಾತ್ರ ವರ್ಷವಿಡೀ ಎಂಬಂತೆ ಉಪವಾಸ. ಬೆಳಗಿನ ಜಾವ ಸೇವಕ ಸಹರಿಯ ಊಟ ತಂದಿಟ್ಟರೆ ತುಸು ಮುಟ್ಟಿ ತಟ್ಟೆಯನ್ನು ಹಿಂದೆ ಸರಿಸುತ್ತಿದ್ದರು. ಇಷ್ಟು ಕಡಿಮೆ ತಿಂದರೆ ದೇಹದ ಗತಿಯೇನು ಎಂದು ಅವನು ಅಂಗಲಾಚಿದರೆ ಅವರ ಕಣ್ಣಲ್ಲಿ ನೀರು. ಮಸೀದಿಗಳ ಮೂಲೆಯಲ್ಲಿ, ಅಂಗಡಿಗಳ ಜಗಲಿಯ ಮೇಲೆ ಎಷ್ಟೋ ಬಡವರು ಹಸಿದು ಮಲಗಿರುವಾಗ ಈ ತುತ್ತು ತನ್ನ ಗಂಟಲಲ್ಲಿ ಹೇಗೆ ಇಳಿಯಬೇಕು ಎನ್ನುತ್ತಿದ್ದರು. ಗಝಾಲಿಯವರ ಗಂಟಲು ಮುಚ್ಚಿದ್ದು ತನ್ನ ಒಳಗನ್ನು ಕಂಡು, ಇವರ ಗಂಟಲು ಮುಚ್ಚಿದ್ದು ಹೊರಗಿನ ಹಸಿವನ್ನು ಕಂಡು. ನಿಝಾಮುದ್ದೀನರು ತೀರಿಕೊಂಡದ್ದು 1325ರಲ್ಲಿ. ಅವರ ಶಿಷ್ಯ ನಸೀರುದ್ದೀನ್ ಚಿರಾಗ್ ದೆಹಲಿ. ಆ ನಸೀರುದ್ದೀನರ ಶಿಷ್ಯರೇ ಮುಪ್ಪಿನಲ್ಲಿ ನಮ್ಮ ಕಲಬುರಗಿಗೆ ಬಂದು 1422ರಲ್ಲಿ ಅಲ್ಲೇ ಮಣ್ಣಾದ ಬಂದೇ ನವಾಝ್ ಗೇಸೂದರಾಝ್. ಆ ಗಂಟಲಿನ ನೋವು ಹೀಗೆ ಗುರುವಿನಿಂದ ಶಿಷ್ಯನಿಗೆ ದಾಟಿ ಕನ್ನಡ ನಾಡಿಗೂ ಬಂದಿದೆ.

ಇಷ್ಟೆಲ್ಲ ಕಠಿಣ ಮಾತಾಡಿದ ಮೇಲೆ ಈ ವಿಧಿಯ ಮೃದುತ್ವವನ್ನೂ ಹೇಳದಿದ್ದರೆ ತಪ್ಪಾದೀತು. ರೋಗಿಗೆ, ಪ್ರಯಾಣಿಕನಿಗೆ ವಿನಾಯಿತಿಯಿದೆ. ಬೇರೆ ದಿನಗಳಲ್ಲಿ ಪೂರೈಸಿದರಾಯಿತು. ಮರೆತು ಉಂಡವನ ಉಪವಾಸ ಮುರಿಯುವುದಿಲ್ಲ. ಅವನಿಗೆ ಉಣಿಸಿದವನು ದೇವರೇ. ಸಹರಿ ಉಣ್ಣಬೇಕು, ಸೂರ್ಯ ಮುಳುಗಿದ ಮೇಲೆ ತಡಮಾಡಬಾರದು, ರಾತ್ರಿಹಗಲು ಒಂದಾಗಿಸಿ ಉಪವಾಸವಿರಬಾರದು. ಎರಡು ಈದ್ ದಿನಗಳಲ್ಲಿ ಉಪವಾಸವೇ ನಿಷಿದ್ಧ. ಪ್ರವಾದಿಯವರ ಸಂಗಾತಿ ಸಲ್ಮಾನ್ ಫಾರಿಸಿ ಒಮ್ಮೆ ತಮ್ಮ ಧರ್ಮಸೋದರ ಅಬುದ್ದರ್ದಾ ಅವರ ಮನೆಗೆ ಹೋದರು. ಮನೆಯಾಕೆಯ ಮಾಸಿದ ಬಟ್ಟೆ, ಕಳೆಗುಂದಿದ ಮುಖ ಕಂಡು ಕಾರಣ ಕೇಳಿದರು. ಗಂಡನಿಗೆ ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್, ಲೋಕದ ಗೊಡವೆಯೇ ಇಲ್ಲ ಎಂದು ಗೊತ್ತಾಯಿತು. ಊಟ ಬಂದಾಗ ಅಬುದ್ದರ್ದಾ, ನನಗೆ ಉಪವಾಸ, ನೀವು ಉಣ್ಣಿ ಎಂದರು. ನೀವು ಉಣ್ಣುವ ತನಕ ನಾನೂ ಉಣ್ಣೆ ಎಂದು ಸಲ್ಮಾನ್ ಕುಳಿತುಬಿಟ್ಟರು. ಐಚ್ಛಿಕ ಉಪವಾಸವನ್ನು ಬಿಡಿಸಿಯೇ ತೀರಿದರು. ದೇವರಿಗಿರುವಂತೆ ನಿನ್ನ ದೇಹಕ್ಕೂ ಮನೆಯವರಿಗೂ ನಿನ್ನ ಮೇಲೆ ಹಕ್ಕಿದೆ ಎಂದು ತಿಳಿಹೇಳಿದರು. ಪ್ರವಾದಿಯವರ ಬಳಿ ದೂರು ಹೋದಾಗ ಅವರು ಸಲ್ಮಾನರ ಮಾತೇ ಸರಿ ಎಂದರು. ಚಿಕ್ಕಬೆಟ್ಟದ ಕಲ್ಲಿನ ನೋಂಪಿಗೂ ನಮ್ಮ ಮನೆಯ ನೋಂಬಿಗೂ ಪದ ಒಂದೇ ಆದರೂ ದಾರಿ ಬೇರೆಯಾಗುವುದು ಇಲ್ಲಿ. ಅಲ್ಲಿ ಹಿಡಿದದ್ದನ್ನು ಬಿಡುವುದಿಲ್ಲ, ಆ ಬಿಡದಿರುವಿಕೆಯ ಮುಂದೆ ನಾನು ತಲೆಬಾಗುತ್ತೇನೆ. ಇಲ್ಲಿ ಪ್ರತಿ ಸಂಜೆ ಬಿಡಬೇಕು. ಬಿಡುವುದೂ ಆಜ್ಞೆಯೇ.

ಅದು ಎಷ್ಟು ಕಷ್ಟದ ಆಜ್ಞೆ ಎಂದು ನನಗೆ ಗೊತ್ತಾದದ್ದು 2020ರಲ್ಲಿ.

ಚಾಂದ್ರಮಾನ ವರ್ಷಕ್ಕೆ 354 ದಿನ, ಕೆಲವೊಮ್ಮೆ 355. ನಮ್ಮ ಪಂಚಾಂಗದವರು ಸುಮಾರು ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಸೇರಿಸಿ ಯುಗಾದಿಯನ್ನು ವಸಂತದಲ್ಲೇ ಉಳಿಸಿಕೊಳ್ಳುತ್ತಾರೆ. ತಿಂಗಳುಗಳನ್ನು ಹಿಂದುಮುಂದು ಮಾಡುವ ಪದ್ಧತಿ ಅರಬರಲ್ಲೂ ಇತ್ತು, ಕುರ್‌ಆನ್ ಅದನ್ನು ತಡೆಯಿತು. ಹಾಗಾಗಿ ರಮಝಾನ್ ವರ್ಷ ವರ್ಷ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತ ಬೇಸಿಗೆ, ಚಳಿ, ಮಳೆ ಎಲ್ಲವನ್ನೂ ಸುತ್ತುತ್ತದೆ. ಒಂದು ಸುತ್ತಿಗೆ ಹೆಚ್ಚುಕಡಿಮೆ 33 ವರ್ಷ. 1987ರಲ್ಲಿ ನಾನು ನೀರು ನುಂಗಿದ ಮೇ ತಿಂಗಳ ರಮಝಾನ್ ಎಲ್ಲ ಋತುಗಳನ್ನೂ ಸುತ್ತಿ 2020ರ ಮೇ ತಿಂಗಳಿಗೆ ಮರಳಿ ಬಂದಿತ್ತು. ಅದೇ ಬಿಸಿಲು, ಅದೇ ಹಿತ್ತಿಲು, ಮಾವಿನ ಮರ ಮಾತ್ರ ಮುದಿಯಾಗಿತ್ತು. ಲಾಕ್‌ಡೌನಿನಿಂದ ಮಸೀದಿಗಳು ಮುಚ್ಚಿದ್ದವು. ಬಾಂಗ್ ಕೇಳುತ್ತಿತ್ತು, ಹೋಗುವ ಹಾಗಿರಲಿಲ್ಲ. ಯಾರೂ ಯಾರ ಮನೆಗೂ ಬರುತ್ತಿರಲಿಲ್ಲ. ಯಾರು ಹಿಡಿದರು, ಯಾರು ಬಿಟ್ಟರು ಎಂದು ನೋಡಲು ಊರಿಗೆ ಕಣ್ಣೇ ಇರಲಿಲ್ಲ.

ಉಮ್ಮನಿಗೆ ಸಕ್ಕರೆ ಕಾಯಿಲೆ ಬಲಿತು ಇನ್ಸುಲಿನ್ ಶುರುವಾಗಿತ್ತು. ಉಪವಾಸ ಕೂಡದು ಎಂದು ಡಾಕ್ಟರು ಹೇಳಿದ್ದರು. ಅರವತ್ತು ವರ್ಷ ಬಿಡದೆ ಹಿಡಿದವಳು ಮಧ್ಯಾಹ್ನ ಹನ್ನೆರಡಕ್ಕೆ ಗಂಜಿಯ ಬಟ್ಟಲ ಮುಂದೆ ಕುಳಿತು, ಮದ್ದು ನುಂಗುವ ಮುಖದಲ್ಲಿ ಉಣ್ಣುತ್ತಿದ್ದಳು. ಕಣ್ಣಿಂದ ನೀರು ಬರುತ್ತಿತ್ತು, ಉಣ್ಣುವುದನ್ನು ನಿಲ್ಲಿಸುತ್ತಿರಲಿಲ್ಲ. ಉಣ್ಣು ಎಂಬುದು ಅವಳಿಗೆ ಬಂದ ಆಜ್ಞೆ, ಅದನ್ನು ಪಾಲಿಸುತ್ತಿದ್ದಳು. ತವರಿನ ತೋಟದ ಪಾಲಿನ ವಿಷಯದಲ್ಲಿ ತಂಗಿಯೊಡನೆ ಅವಳಿಗೆ ಹಳೆಯ ಮುನಿಸಿತ್ತು. ಫೋನಿನಲ್ಲಿ ಯಾರಾದರೂ ಆ ಮಾತು ತೆಗೆದರೆ ಗಂಟೆಗಟ್ಟಲೆ ನಡೆಯುತ್ತಿತ್ತು. ಆ ತಿಂಗಳು ಮಾತು ಅತ್ತ ತಿರುಗಿದ ಕೂಡಲೇ ಫೋನನ್ನು ಸುಮ್ಮನೆ ನನ್ನ ಕೈಗೆ ಕೊಟ್ಟುಬಿಡುತ್ತಿದ್ದಳು. ನಾನು ಕಾರಣ ಕೇಳಲಿಲ್ಲ.

ಬೇರೆ ದಿನಗಳಲ್ಲೂ ಪೂರೈಸಲಾಗದವರು ಬಿಟ್ಟ ಒಂದೊಂದು ನೋಂಬಿಗೂ ಒಬ್ಬ ಬಡವನಿಗೆ ಆಹಾರ ಕೊಡಬೇಕು. ಅದಕ್ಕೆ ಫಿದ್ಯಾ ಎನ್ನುತ್ತಾರೆ. ನಾವು ಅನುಸರಿಸುವ ಶಾಫಿ ಪದ್ಧತಿಯಲ್ಲಿ ಅದು ಒಂದು ‘ಮುದ್ದ್’ ಧಾನ್ಯ. ಮುದ್ದ್ ಎಂದರೆ ಎರಡು ಕೈ ಜೋಡಿಸಿ ತುಂಬಿದ ಒಂದು ಬೊಗಸೆ. ಈದಿನ ಮೊದಲು ಮನೆಯ ಕೂಸಿನ ಹೆಸರಲ್ಲೂ ಕೊಡುವ ಫಿತ್ರ್ ಝಕಾತ್ ಇಂಥ ನಾಲ್ಕು ಬೊಗಸೆ. ಈಗ ಎಲ್ಲರೂ ಕಿಲೋ ಲೆಕ್ಕದಲ್ಲಿ ತೂಗುತ್ತಾರೆ. ಉಮ್ಮ ತೂಗಲಿಲ್ಲ. ಪ್ರತಿ ಸಂಜೆ ನಾವು ನೋಂಬು ಬಿಟ್ಟ ಮೇಲೆ ಅಕ್ಕಿ ಡಬ್ಬದ ಮುಂದೆ ಕುಳಿತು ತನ್ನ ಬೊಗಸೆಯಲ್ಲೇ ಅಳೆದು ಬಟ್ಟೆಯ ಚೀಲಕ್ಕೆ ಹಾಕುತ್ತಿದ್ದಳು. ಬೊಗಸೆ ಹಾಕಿದ ಮೇಲೆ ಒಂದು ಹಿಡಿ ಹೆಚ್ಚಿಗೆ. ಒಂದು ದಿನ, “ಹೆಚ್ಚಾಯ್ತಲ್ಲ ಉಮ್ಮ?” ಎಂದೆ. ಬತ್ತಿಹೋಗಿದ್ದ ಎರಡೂ ಅಂಗೈಗಳನ್ನು ದೀಪಕ್ಕೆ ಹಿಡಿದು ನೋಡಿಕೊಂಡಳು. “ಪ್ರವಾದಿಯವರ ಕೈ ನನ್ನ ಕೈಗಿಂತ ದೊಡ್ಡದಿರಬೇಕಲ್ಲ” ಎಂದಳು.

ಆ ವರ್ಷದ ಮಳೆಗಾಲದಲ್ಲಿ ಅವಳು ಹೋದಳು. ಕೊನೆಯ ರಮಝಾನಿನ ಒಂದು ಅಸರ್ ಹೊತ್ತು ಕಣ್ಣಿಗೆ ಕಟ್ಟಿದಂತಿದೆ. ಬಾವಿಕಟ್ಟೆಯ ಪಕ್ಕ ಸ್ಟೂಲಿನ ಮೇಲೆ ಕೂರಿಸಿ, ಅದೇ ಹಿತ್ತಾಳೆಯ ಗಿಂಡಿಯಿಂದ ನಾನು ನೀರು ಹೊಯ್ಯುತ್ತಿದ್ದೆ. ಮಧ್ಯಾಹ್ನ ಉಂಡಿದ್ದಳು, ನೀರೂ ಕುಡಿದಿದ್ದಳು. ಇನ್ನೊಂದು ಗುಟುಕು ಇಳಿದಿದ್ದರೆ ಕೆಡುವಂಥದ್ದು ಏನೂ ಇರಲಿಲ್ಲ. ಮೂರು ಸಲ ಹಗುರವಾಗಿ ಮುಕ್ಕಳಿಸಿ ಮಲ್ಲಿಗೆಯ ಬುಡಕ್ಕೆ ಉಗುಳಿದಳು. ಆಮೇಲೂ ತಲೆ ಬಗ್ಗಿಸಿ, ತುಟಿ ತೆರೆದು, ಬಾಯಲ್ಲಿ ಉಳಿದ ಕೊನೆಯ ಹನಿ ಮಣ್ಣಿಗೆ ಬೀಳುವ ತನಕ ಕಾದಳು. ನಾನು ಗಿಂಡಿ ಹಿಡಿದು ನಿಂತಿದ್ದೆ.